ಎಥೆನಾಲ್ ಪೆಟ್ರೋಲು: ಓಡುವ ಗಾಡಿಗಿಂತ ನಿಂತ ಗಾಡಿಗೆ ಕಾಟ ಜಾಸ್ತಿ

ಹಳೆ ಕಾರು, ಹಳೆ ಬೈಕು ಇಟ್ಟುಕೊಂಡಿರುವ ನಮ್ಮಂಥವರು ಎಲ್ಲಿ ಸೇರಿದರೂ ಈಗ ಒಂದು ಮಾತು ಬಂದೇ ಬರುತ್ತದೆ. 'ಪೆಟ್ರೋಲಿಗೆ ಸ್ಪಿರಿಟ್ಟು ಬೆರೆಸ್ತಾರಂತೆ, ನಮ್ಮ ಗಾಡಿ ಗತಿ ಏನು?' ಒಬ್ಬರು ಇಂಜಿನ್ನೇ ಹೋಯ್ತು ಅಂತಾರೆ. ಇನ್ನೊಬ್ಬರು ಏನೂ ಆಗಲ್ಲ ಬಿಡಿ, ಎಲ್ಲಾ ಪುಕಾರು ಅಂತಾರೆ. ಎರಡೂ ಪೂರ್ತಿ ನಿಜವಲ್ಲ. ನಮ್ಮ ಮನೆಯ ನಾಲ್ಕು ಪೆಟ್ರೋಲು ಯಂತ್ರಗಳನ್ನು ಎರಡು ಮಳೆಗಾಲ ಗಮನಿಸಿ, ಡೈರಿಯಲ್ಲಿ ಲೆಕ್ಕ ಬರೆದಿಟ್ಟು, ಆಲೂರಿನ ಮೆಕ್ಯಾನಿಕ್ಕುಗಳ ಪಕ್ಕ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು ಆಲೂರು ತಾಲೂಕಿನ ಪಾಳ್ಯ ಹೋಬಳಿ. ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಒಂದೂವರೆ ಎಕರೆ ಗದ್ದೆ, ಹೊಲದ ಕಡೆ ಎರಡು ಎಕರೆ ಮೆಕ್ಕೆಜೋಳ. ಪೆಟ್ರೋಲು ಕುಡಿಯುವವು ನಾಲ್ಕು: 1997ರ ಓಮ್ನಿ, ಅಪ್ಪನ ಕಾಲದ ಎಂ-80, ಕಳೆ ಹೊಡೆಯುವ ಮೆಷಿನ್ನು, ಬೋರ್ಡೋ ಹೊಡೆಯುವ ಪಂಪಿನ ಸಣ್ಣ ಇಂಜಿನ್ನು. ನಾಲ್ಕಕ್ಕೂ ಕಾರ್ಬುರೇಟರು. ಇವನ್ನು ಮಾರಿ ಹೊಸದು ತರೋಣ ಅಂದರೆ ಆಗುವ ಮಾತಲ್ಲ. ಓಮ್ನಿಯ ಆರ್.ಸಿ. ನವೀಕರಿಸಿ ಇಟ್ಟುಕೊಂಡಿರುವುದೇ ಗೊಬ್ಬರದ ಚೀಲ, ಹಾಲಿನ ಕ್ಯಾನು, ಕಾಯಿಲೆಯವರು ಎಲ್ಲಾ ಅದರಲ್ಲೇ ಹೋಗಬೇಕು ಅನ್ನುವ ಕಾರಣಕ್ಕೆ. ಕಾಡಾನೆ ಓಡಾಡುವ ದಾರಿಯಲ್ಲಿ ರಾತ್ರಿ ಹೊತ್ತು ಗಾಡಿ ನಿಂತುಹೋದರೆ ಏನು ಅನ್ನುವುದು ಆಲೂರು, ಸಕಲೇಶಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆರಕೆ ಎಷ್ಟು?

ಪೆಟ್ರೋಲಿಗೆ ಆಲ್ಕೊಹಾಲ್ ಬೆರೆಸುವುದು ಹೊಸ ಯೋಚನೆಯೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಬಸ್ಸು ಓಡಿದ ಕತೆ ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲೇ ಪವರ್ ಆಲ್ಕೊಹಾಲ್ ಕಾಯ್ದೆ ಅಂತ ಒಂದು ಬಂದಿತ್ತು. ಈಗಿನ ಕಾರ್ಯಕ್ರಮ ಶುರುವಾದದ್ದು 2003ರಲ್ಲಿ, ಶೇ. 5ರ ಬೆರಕೆಯಿಂದ. ಆಗ ಆರಿಸಿಕೊಂಡ 9 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆಸರಿಗೆ ಶೇ. 5 ಇದ್ದರೂ ಎಥೆನಾಲ್ ಸಿಕ್ಕಿದಷ್ಟೇ ಬೆರೆಯುತ್ತಿತ್ತು. ಹಾಗಾಗಿ ನಮಗೆ ಅದರ ಅರಿವೇ ಆಗಲಿಲ್ಲ.

ಆಮೇಲೆ ಓಟ ಜೋರಾಯಿತು. 2018ರ ಜೈವಿಕ ಇಂಧನ ನೀತಿ ಶೇ. 20ರ ಗುರಿಯನ್ನು 2030ಕ್ಕೆ ಇಟ್ಟಿತ್ತು. ಅದನ್ನು 2025-26ಕ್ಕೆ ಎಳೆದರು. 2022ರ ಜೂನ್‌ಗೆ ಶೇ. 10 ಆಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಗಳು ಶೇ. 20ರ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಮೊದಲಿಗೆ 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ. 2025ರ ಹೊತ್ತಿಗೆ ದೇಶವೆಲ್ಲಾ ಅದೇ. ಅಂದರೆ 20 ವರ್ಷದಲ್ಲಿ ಶೇ. 10 ಮುಟ್ಟಿದ್ದು, ಇನ್ನೊಂದು ಹತ್ತು ಮೂರೇ ವರ್ಷದಲ್ಲಿ ಸೇರಿತು. ಗಾಡಿಗಳು ಅಷ್ಟು ಬೇಗ ಬದಲಾಗುತ್ತವೆಯೇ? 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಪೈಪು, ವಾಷರು ಈ ಪೆಟ್ರೋಲಿಗೆ ತಾಳುವಂಥವು. ನಮ್ಮ ಹಟ್ಟಿ, ಶೆಡ್ಡುಗಳಲ್ಲಿ ಇರುವುದು ಅದಕ್ಕಿಂತ ಹಿಂದಿನವೇ.

ನಾವು ಹಾಕಿಸುವ ಪೆಟ್ರೋಲಿನಲ್ಲಿ ನಿಜಕ್ಕೂ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಹಾಸನದ ಲ್ಯಾಬ್ ಸಾಮಾನಿನ ಅಂಗಡಿಯಿಂದ 100 ಮಿ.ಲೀ.ನ ಗಾಜಿನ ಅಳತೆ ಕೊಳವೆ ಒಂದು ತಂದೆ. ಲೀಟರ್ ನೀರಿಗೆ 100 ಗ್ರಾಂ ಅಡಿಗೆ ಉಪ್ಪು ಕರಗಿಸಿಕೊಳ್ಳಬೇಕು. ಕೊಳವೆಗೆ 50 ಮಿ.ಲೀ. ಪೆಟ್ರೋಲು, ಅದರ ಮೇಲೆ 50 ಮಿ.ಲೀ. ಉಪ್ಪುನೀರು. ಬಾಯಿ ಮುಚ್ಚಿ ಮೆಲ್ಲಗೆ ಹತ್ತು ಸಲ ಮೇಲೆ ಕೆಳಗೆ ಮಾಡಿ, ಹದಿನೈದು ನಿಮಿಷ ಬಿಟ್ಟರೆ ಎರಡು ಪದರ ಆಗುತ್ತದೆ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗಿಬಿಡುತ್ತದೆ. ಕೆಳಗಿನ ನೀರು 50ರಿಂದ ಎಷ್ಟು ಮೇಲೇರಿತೋ ಅದನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ ಶೇಕಡಾ ಲೆಕ್ಕ ಬರುತ್ತದೆ. ಬ್ರೆಜಿಲ್ ದೇಶದ ಬಂಕುಗಳಲ್ಲಿ ಗಿರಾಕಿ ಕೇಳಿದರೆ ಇದೇ ಪರೀಕ್ಷೆಯನ್ನು ಮಾಡಿ ತೋರಿಸಬೇಕು. ನನ್ನ ಕೊಳವೆಯಲ್ಲಿ ನೀರು ಒಂಬತ್ತೂವರೆ ಗೆರೆ ಏರಿತ್ತು. ಅಲ್ಲಿಗೆ ಶೇ. 20 ಸರಿ. ಬಂಕಿನವರು ಜಾಸ್ತಿ ಬೆರೆಸ್ತಾರೆ ಅನ್ನುವ ಅನುಮಾನ ಈ ಒಂದು ಪರೀಕ್ಷೆಯ ಮಟ್ಟಿಗೆ ಸುಳ್ಳಾಯಿತು. ಒಲೆ, ಬೀಡಿ ಇಲ್ಲದ ಕಡೆ, ಅಂಗಳದಲ್ಲಿ ಇಟ್ಟು ಮಾಡಿ. ಆ ಪೆಟ್ರೋಲನ್ನು ಮತ್ತೆ ಗಾಡಿಗೆ ಹಾಕಬೇಡಿ. ಹೀಗೇ ನೀರು ಹಾಕಿ ಎಥೆನಾಲ್ ತೆಗೆದು 'ಶುದ್ಧ ಪೆಟ್ರೋಲು' ಮಾಡಿಕೊಳ್ಳುತ್ತೇನೆ ಅಂತ ಹೊರಡುವವರಿದ್ದಾರೆ. ಎಥೆನಾಲ್ ಹೋದರೆ ಅದರ ಆಕ್ಟೇನೂ ಹೋಗಿ ಇಂಜಿನ್ನು ಟಕಟಕ ಬಡಿಯುತ್ತದೆ. ಉಳಿದ ತೇವ ಬೇರೆ. ಬೆಂಕಿಯ ಅಪಾಯ ಅಂತೂ ಇದ್ದೇ ಇದೆ.

ಮೈಲೇಜು ಬಿದ್ದದ್ದು ನಿಜ

ಓಮ್ನಿಗೆ ಪೆಟ್ರೋಲು ಹಾಕಿಸಿದಾಗೆಲ್ಲಾ ಮೀಟರು, ಲೀಟರು ಬರೆದಿಡುವುದು ನನಗೆ ಮೊದಲಿಂದಲೂ ರೂಢಿ. ಆಲೂರು, ಹಾಸನ, ಬಾಳ್ಳುಪೇಟೆ, ತೋಟದ ಕಚ್ಚಾ ರಸ್ತೆ ಎಲ್ಲಾ ಸೇರಿ ಮೊದಲು ಲೀಟರಿಗೆ ಸುಮಾರು ಹದಿನಾಲ್ಕೂವರೆ ಕಿ.ಮೀ. ಕೊಡುತ್ತಿತ್ತು. ಈಗ ಹದಿಮೂರೂವರೆ. ನೂರಕ್ಕೆ ಏಳರ ಹತ್ತಿರ ಬಿದ್ದಿದೆ.

ಇದರಲ್ಲಿ ಗುಟ್ಟೇನೂ ಇಲ್ಲ. ಒಂದು ಲೀಟರ್ ಪೆಟ್ರೋಲು ಕೊಡುವ ಶಾಖಕ್ಕಿಂತ ಒಂದು ಲೀಟರ್ ಎಥೆನಾಲ್ ಕೊಡುವುದು ಮೂರರಲ್ಲೊಂದು ಪಾಲು ಕಮ್ಮಿ. ಐದನೇ ಒಂದು ಭಾಗ ಎಥೆನಾಲ್ ಇದ್ದರೆ ಒಟ್ಟು ಶಾಖ ಆರೇಳು ಪರ್ಸೆಂಟು ಇಳಿಯಲೇಬೇಕು. ನೀತಿ ಆಯೋಗ 2021ರ ಜೂನ್‌ನಲ್ಲಿ ಹೊರತಂದ ವರದಿಯಲ್ಲೂ ಇದನ್ನೇ ಬರೆದಿದ್ದರು: ಹಳೆ ವಿನ್ಯಾಸದ ನಾಲ್ಕು ಚಕ್ರದ ಗಾಡಿಗಳಲ್ಲಿ ಶೇ. 6-7, ಎರಡು ಚಕ್ರದವುಗಳಲ್ಲಿ ಶೇ. 3-4 ಇಳಿಯಬಹುದು, ಶೇ. 10ಕ್ಕೆ ಅಂತಲೇ ಮಾಡಿದ ಕಾರುಗಳಲ್ಲಿ ಶೇ. 1-2 ಮಾತ್ರ. ಅರ್ಧಕ್ಕರ್ಧ ಮೈಲೇಜು ಹೋಯ್ತು ಅಂತ ಯಾರಾದರೂ ಹೇಳಿದರೆ ಕಾರಣ ಬೇರೆ ಇರಬೇಕು. ಏರ್ ಫಿಲ್ಟರು ತೆಗೆದು ನೋಡಲಿ.

ಬೆಲೆ ಯಾಕೆ ಇಳಿಯಲಿಲ್ಲ ಅನ್ನುವುದು ಎಲ್ಲರ ಪ್ರಶ್ನೆ. ಇಳಿಸಬೇಕು, ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು ಅಂತ ಅದೇ ವರದಿಯಲ್ಲಿತ್ತು. ಆದರೆ ಆಗ ಎಥೆನಾಲ್ ಅಗ್ಗ ಇತ್ತು. 2025ರಲ್ಲಿ ತೈಲ ಕಂಪನಿಗಳಿಗೆ ಅದು ಸರಾಸರಿ ಲೀಟರಿಗೆ 71 ರೂ. ಮೇಲೆ ಬೀಳುತ್ತಿತ್ತು, ಸಂಸ್ಕರಿಸಿದ ಪೆಟ್ರೋಲಿನ ಅಸಲಿಗಿಂತ ಜಾಸ್ತಿ ಅಂತ ಸಚಿವಾಲಯವೇ ಹೇಳಿತು. ಹಾಗಾಗಿ ಬೆಲೆ ಇಳಿಯುವ ಮಾತು ಅಲ್ಲಿಗೇ ನಿಂತಿತು. ಮೈಲೇಜಿನ ನಷ್ಟ ಮಾತ್ರ ನಮ್ಮ ಜೇಬಿಗೆ. ತಿಂಗಳಿಗೆ 40 ಲೀಟರ್ ಸುಡುವವನಿಗೆ ಮೂರು ಲೀಟರಿನ ದುಡ್ಡು.

ಕಾರ್ಬುರೇಟರಿನ ಕಷ್ಟ

ಮೈಲೇಜು ಬೀಳುವುದು ಎಲ್ಲಾ ಗಾಡಿಗೂ ಇದ್ದದ್ದೇ. ಕಾರ್ಬುರೇಟರಿನ ಗಾಡಿಗೆ ಇನ್ನೊಂದು ತೊಂದರೆ ಇದೆ. ಪೆಟ್ರೋಲು ಸರಿಯಾಗಿ ಉರಿಯಲು ಒಂದು ಕಿಲೋಗೆ ಹದಿನಾಲ್ಕು ಮುಕ್ಕಾಲು ಕಿಲೋ ಗಾಳಿ ಬೇಕು. ಎಥೆನಾಲಿಗೆ ಒಂಬತ್ತೇ ಕಿಲೋ ಸಾಕು. ಈ ಬೆರಕೆಗೆ ಸುಮಾರು ಹದಿಮೂರೂವರೆ. ಎಂ.ಪಿ.ಎಫ್.ಐ. ಕಾರುಗಳಲ್ಲಿ ಸೈಲೆನ್ಸರಿನಲ್ಲಿರುವ ಸೆನ್ಸರು ಹೊಗೆ ನೋಡಿ ಪೆಟ್ರೋಲನ್ನು ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಕಣ್ಣಿಲ್ಲ. ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಹಾಗಾಗಿ ಗಾಳಿ ಏಳೆಂಟು ಪರ್ಸೆಂಟು ಜಾಸ್ತಿಯಾಗಿ 'ಲೀನ್' ಓಡುತ್ತದೆ. ಲೀನ್ ಓಡಿದರೆ ಇಂಜಿನ್ನು ಬಿಸಿ, ಪಿಕಪ್ಪು ಕಮ್ಮಿ, ಏರಿನಲ್ಲಿ ಒದರಾಟ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಬರುವ ತನಕ ನಮ್ಮ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರೇ ಇತ್ತು ಅನ್ನುವುದು ನೆನಪಿರಲಿ. ಅಂದರೆ ಇದು ಮ್ಯೂಸಿಯಮ್ಮಿನ ಗಾಡಿಗಳ ಕತೆಯಲ್ಲ.

ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಸ್ಟಾರ್ಟಿಂಗ್ ತೊಂದರೆಯೂ ಇದೆ. ಸ್ಯಾನಿಟೈಸರು ಅಂಗೈಗೆ ಹಾಕಿಕೊಂಡರೆ ತಣ್ಣಗಾಗುತ್ತದಲ್ಲ, ಅದೇ ಗುಣ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಎಳೆಯುತ್ತದೆ. ಕಾಫಿ ಕುಯ್ಲಿನ ಕಾಲ, ಆಳುಗಳನ್ನು ಕರೆತರಲು ಏಳು ಗಂಟೆಗೆ ಹೊರಡಬೇಕು, ಓಮ್ನಿ ಮಾತ್ರ ಕೊರ್ ಕೊರ್ ಅಂತ ಕೂತಿರುತ್ತದೆ. ಚೋಕು ಪೂರ್ತಿ ಎಳೆದು ಸ್ಟಾರ್ಟ್ ಮಾಡಿ, ಮೊದಲಿಗಿಂತ ಒಂದೆರಡು ನಿಮಿಷ ಜಾಸ್ತಿ ಅರ್ಧ ಚೋಕಿನಲ್ಲಿ ಬಿಟ್ಟರೆ ಸರಿಹೋಗುತ್ತದೆ.

ನಮ್ಮ ಮೆಕ್ಯಾನಿಕ್ಕು ಓಮ್ನಿಯ ಮೇನ್ ಜೆಟ್ಟನ್ನು ಒಂದು ಸೈಜು ದೊಡ್ಡದು ಹಾಕಿದರು. ತೂತಿನ ಅಗಲ ನೂರಕ್ಕೆ ನಾಲ್ಕು ಹೆಚ್ಚಾದರೆ ಸಾಕು, ಪೆಟ್ರೋಲು ನೂರಕ್ಕೆ ಎಂಟು ಜಾಸ್ತಿ ಹರಿಯುತ್ತದೆ. 'ನೋಡಿ ಗೌಡ್ರೆ, ತಂತಿ ಹಾಕಿ ತೂತು ಅಗಲ ಮಾಡಿಕೊಡು ಅಂತ ಬರ್ತಾರೆ, ನಾನು ಮಾಡಲ್ಲ. ತೂತು ಓರೆ ಆದ್ರೆ ಆಮೇಲೆ ಯಾರೂ ಟ್ಯೂನ್ ಮಾಡಕ್ಕಾಗಲ್ಲ' ಅಂದರು. ಪ್ಲಗ್ಗು ಬಿಚ್ಚಿ ತುದಿ ನೋಡಿದರೆ ಗೊತ್ತಾಗುತ್ತದೆ: ಬಿಸ್ಕತ್ತಿನ ಬಣ್ಣ ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಓಮ್ನಿಯದು ಬೆಳ್ಳಗಿತ್ತು, ಈಗ ಬಿಸ್ಕತ್ತಿನ ಬಣ್ಣಕ್ಕೆ ಬಂದಿದೆ.

ಇನ್ನು ರಬ್ಬರು. ಹಳೆ ಕಾಲದ ಪೆಟ್ರೋಲು ಪೈಪು, ಪಂಪಿನ ಡಯಾಫ್ರಮ್ಮು, ಬೆಂಡಿನ ವಾಷರು ಇವು ಎಥೆನಾಲಿಗೆ ಅಂತ ಮಾಡಿದವಲ್ಲ. ಮೊದಲು ಉಬ್ಬಿ ಮೆತ್ತಗಾಗುತ್ತವೆ, ಒಣಗಿದಾಗ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುತ್ತದೆ? ಓಮ್ನಿಯಲ್ಲಂತೂ ಇಂಜಿನ್ನು ಇರುವುದೇ ಸೀಟಿನ ಕೆಳಗೆ. ಹಾಗಾಗಿ ಜೆಟ್ಟಿಗಿಂತ ಮೊದಲು ಪೈಪು ಬದಲಾಯಿಸಿ ಅಂತ ನಾನು ಹೇಳುವುದು. ಪೈಪು ಕೊಳ್ಳುವಾಗ ಮೈಮೇಲೆ ಎಸ್.ಎ.ಇ. ಜೆ30 ಆರ್9 ಅಂತ ಅಚ್ಚಾಗಿದೆಯಾ ನೋಡಿ. ಅದರ ಒಳಪದರ ಎಥೆನಾಲಿಗೆ ತಾಳುತ್ತದೆ. ಆಲೂರಿನಲ್ಲಿ ಸಿಗಲಿಲ್ಲ, ಹಾಸನದಲ್ಲಿ ಸಿಕ್ಕಿತು. ಪೈಪು, ಕ್ಲಿಪ್ಪು, ಎರಡು ಫಿಲ್ಟರು, ಪಂಪಿನ ಡಯಾಫ್ರಮ್ಮು, ಕಾರ್ಬುರೇಟರ್ ಕಿಟ್ಟು, ಕೂಲಿ ಎಲ್ಲಾ ಸೇರಿ ನನಗೆ 2,850 ರೂ. ಆಯಿತು.

ಎರಡು ಫಿಲ್ಟರು ಯಾಕೆ ಅಂದರೆ, ಎಥೆನಾಲ್ ಒಳ್ಳೆ ತೊಳೆಯುವ ದ್ರವ. ಇಪ್ಪತ್ತೈದು ವರ್ಷದಿಂದ ಟ್ಯಾಂಕಿನ ಗೋಡೆಗೆ ಕೂತ ಗೋಂದು, ತುಕ್ಕು, ಮಡ್ಡಿ ಎಲ್ಲಾ ಬಿಡಿಸಿಕೊಂಡು ಬಂದು ಫಿಲ್ಟರಿಗೆ ತುಂಬುತ್ತದೆ. ಮೊದಲ ಫಿಲ್ಟರು ಒಂದೂವರೆ ತಿಂಗಳಲ್ಲಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಎರಡನೆಯದು ಇನ್ನೂ ಚೆನ್ನಾಗಿದೆ. ಹಳೆ ಗಾಡಿ ಈ ಪೆಟ್ರೋಲಿಗೆ ಬಂದ ಶುರುವಿನಲ್ಲಿ ರಸ್ತೆಯಲ್ಲಿ ನಿಂತುಹೋಗುವುದು ಹೆಚ್ಚಾಗಿ ಇದರಿಂದಲೇ. ಇಂಜಿನ್ನು ಹೋಗಿರುವುದಿಲ್ಲ, ಫಿಲ್ಟರು ಕಟ್ಟಿರುತ್ತದೆ.

ಇಷ್ಟು ಮಾಡಿದ ಮೇಲೆ ದಿನಾ ಓಡುವ ಓಮ್ನಿ ನನಗೆ ತೊಂದರೆ ಕೊಟ್ಟಿಲ್ಲ. ಎಂ-80ಯೂ ಅಷ್ಟೇ, ಎರಡು ದಿನಕ್ಕೊಮ್ಮೆ ಡೈರಿಗೆ ಹಾಲು ಹಾಕಲು ಹೋಗಿಬರುತ್ತದೆ, ಅದರ ಪಾಡಿಗೆ ಅದು ಇದೆ.

ನಿಂತವುಗಳ ಕತೆ

ನಿಜವಾದ ಕಾಟ ಇರುವುದು ತಿಂಗಳುಗಟ್ಟಲೆ ನಿಲ್ಲುವ ಯಂತ್ರಗಳಿಗೆ. ನಮ್ಮ ಕೆಲಸದ ರೀತಿಯೇ ಹಾಗೆ. ಕಳೆ ಮೆಷಿನ್ನು ಜೂನಿನಲ್ಲಿ ಒಂದು ಸುತ್ತು ಓಡಿದರೆ ಮತ್ತೆ ಎತ್ತುವುದು ಮಳೆ ಹಿಡಿದ ಮೇಲೆ, ಸೆಪ್ಟೆಂಬರಿಗೆ. ಬೋರ್ಡೋ ಪಂಪು ಮಳೆಗೆ ಮುಂಚೆ ಒಂದು ಸಲ, ನಡುವೆ ಬಿಸಿಲು ಬಿಟ್ಟಾಗ ಇನ್ನೊಂದು ಸಲ. ಮರ ಕುಯ್ಯುವ ಗರಗಸ ವರ್ಷಕ್ಕೆ ಹದಿನೈದು ದಿನ. ಬಾಕಿ ದಿನವೆಲ್ಲಾ ಶೆಡ್ಡಿನ ಮೂಲೆ. ಆ ಶೆಡ್ಡೋ, ಜುಲೈ ಆಗಸ್ಟಿನಲ್ಲಿ ಗೋಡೆ ಮುಟ್ಟಿದರೆ ಕೈ ಒದ್ದೆ, ಚೀಲದ ಮೇಲೆ ಬೂಷ್ಟು.

ನಮ್ಮ ದೊಡ್ಡಪ್ಪನ ಮಗ ಅಣ್ಣನ ಕಳೆ ಮೆಷಿನ್ನು 2025ರ ಸೆಪ್ಟೆಂಬರಿನಲ್ಲಿ ಹಿಡಿದುಕೊಂಡಿತು. ತಂದು ಮೂರು ವರ್ಷ ಆಗಿತ್ತಷ್ಟೇ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು ಇತ್ತು, ಹಗ್ಗ ಎಳೆದ, ನಾಲ್ಕನೇ ಎಳೆತಕ್ಕೆ ಶುರುವಾಯಿತು, ಹತ್ತು ನಿಮಿಷ ಓಡಿ ಗಕ್ ಅಂತ ನಿಂತಿತು. ಆಮೇಲೆ ಹಗ್ಗ ಎಳೆಯಲೇ ಬರುತ್ತಿಲ್ಲ. ಬಿಚ್ಚಿಸಿದರೆ ಪಿಸ್ಟನ್ನು, ಸಿಲಿಂಡರು ಎರಡೂ ಗೀರು ಗೀರು. ಕೊಂಡ ಅಂಗಡಿಯವರು 'ಆಯಿಲ್ ಹಾಕದೆ ಓಡಿಸಿದ್ದೀರಿ' ಅಂದುಬಿಟ್ಟರು. ಅಣ್ಣ ಲೀಟರಿಗೆ 25 ಮಿ.ಲೀ. ಟೂ-ಟಿ ಆಯಿಲನ್ನು ಔಷಧಿ ಅಳತೆಯ ಮುಚ್ಚಳದಲ್ಲಿ ಅಳೆದು ಹಾಕುವವನು. ನನಗೆ ಅನುಮಾನ ಬಂದು, ಉಳಿದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿಸಿ ಕಿಟಕಿಯ ಮೇಲೆ ಇಟ್ಟು ನೋಡಿದೆವು. ಕಾಲು ಗಂಟೆಯಲ್ಲಿ ಎರಡು ಪದರ ಸ್ಪಷ್ಟವಾಗಿ ಕಂಡಿತು. ಮೇಲೆ ಆಯಿಲಿನ ಹಸಿರು ಬಣ್ಣದ ಪೆಟ್ರೋಲು. ಕೆಳಗೆ ಮೂರು ಬೆರಳು ದಪ್ಪ, ಬಣ್ಣವೇ ಇಲ್ಲದ ಮಬ್ಬು ದ್ರವ.

ಆಗಿದ್ದು ಇಷ್ಟು. ಪೆಟ್ರೋಲಿಗೂ ನೀರಿಗೂ ಆಗಿಬರುವುದಿಲ್ಲ. ಎಥೆನಾಲಿಗೆ ಎರಡರ ಜೊತೆಯೂ ಸ್ನೇಹ, ಆದರೆ ನೀರಿನ ಮೇಲೆ ಪ್ರೀತಿ ಜಾಸ್ತಿ. ಸ್ವಲ್ಪ ನೀರು ಬಂದರೆ ಅದನ್ನು ಕರಗಿಸಿಕೊಂಡು ಸುಮ್ಮನಿರುತ್ತದೆ. ಅದೊಂದು ಉಪಕಾರವೇ, ಸಣ್ಣ ತೇವ ಇಂಜಿನ್ನಿನಲ್ಲಿ ಸುಟ್ಟುಹೋಗುತ್ತದೆ. ಶೇ. 10ರ ಪೆಟ್ರೋಲು ಲೀಟರಿಗೆ ಒಂದು ಚಿಕ್ಕ ಚಮಚದಷ್ಟು, ಸುಮಾರು 5 ಮಿ.ಲೀ. ನೀರು ತಡೆದುಕೊಳ್ಳುತ್ತದೆ. ಶೇ. 20ರದ್ದು ಇನ್ನಷ್ಟು ಜಾಸ್ತಿ ತಡೆಯುತ್ತದೆ. ಮಿತಿ ದಾಟಿತೋ, ಎಥೆನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಕೂತುಬಿಡುತ್ತದೆ. ಚಳಿ ಹೆಚ್ಚಾದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಮಧ್ಯಾಹ್ನ ಚೆನ್ನಾಗಿದ್ದ ಪೆಟ್ರೋಲು ರಾತ್ರಿ ತಣ್ಣಗಾದಾಗ ಒಡೆಯಬಹುದು, ಹಾಲು ಒಡೆದ ಹಾಗೆ. ಶೇ. 20ರದ್ದು ತಡವಾಗಿ ಒಡೆಯುತ್ತದೆ ನಿಜ, ಒಡೆದಾಗ ಕೆಳಗಿನ ಪದರವೂ ಅಷ್ಟೇ ದಪ್ಪ.

ಈಗ ಟೂ-ಸ್ಟ್ರೋಕ್ ಮೆಷಿನ್ನಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಪೆಟ್ರೋಲು ಎಳೆಯುವ ಪೈಪಿನ ತುದಿಗೆ ತೂಕದ ಫಿಲ್ಟರು ಇದೆ, ಅದು ಯಾವಾಗಲೂ ತಳದಲ್ಲೇ ಬಿದ್ದಿರುತ್ತದೆ. ಆಯಿಲು ಮಾತ್ರ ಎಥೆನಾಲ್-ನೀರಿನ ಜೊತೆ ಹೋಗದೆ ಮೇಲಿನ ಪೆಟ್ರೋಲಿನಲ್ಲೇ ಉಳಿದಿದೆ. ಹಾಗಾಗಿ ಇಂಜಿನ್ನು ಮೊದಲು ಕುಡಿಯುವುದು ಆಯಿಲೇ ಇಲ್ಲದ ಪದರವನ್ನು. ಅಣ್ಣ ಅಳೆದು ಹಾಕಿದ ಆಯಿಲು ಅಲ್ಲೇ ಇತ್ತು, ಪಿಸ್ಟನ್ನಿಗೆ ತಲುಪಲಿಲ್ಲ. ಅಂಗಡಿಯವರು ಗೀರು ನೋಡಿ ಹೇಳಿದ್ದು ಒಂದು ಲೆಕ್ಕಕ್ಕೆ ಸರಿಯೇ, ಆಯಿಲ್ ಇಲ್ಲದೆ ಓಡಿದೆ. ತಪ್ಪು ಯಾರದು ಅನ್ನುವುದು ಮಾತ್ರ ಬೇರೆ. ಬಾಟಲಿ ತೋರಿಸಿದರೂ ಅವರು ಒಪ್ಪಲಿಲ್ಲ. ಮೆಷಿನ್ನಿನ ಕೈಪಿಡಿಯಲ್ಲಿ ಎಥೆನಾಲ್ ಶೇ. 10 ಮೀರಬಾರದು ಅಂತ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಕಡೆಯ ಬಂಕುಗಳಲ್ಲಿ ಕೇಳಿದರೆ ಸಿಗುವುದು ಶೇ. 20ರದ್ದು. ಈಗ ರೈತ ಏನು ಮಾಡಬೇಕು? ರಿಪೇರಿಗೆ ಅಣ್ಣನಿಗೆ ಆರೂವರೆ ಸಾವಿರ ಆಯಿತು. ಅದೂ ಕಳೆ ಎದೆಮಟ್ಟ ಬೆಳೆದ ಹೊತ್ತಿನಲ್ಲಿ ಹನ್ನೆರಡು ದಿನ ಕಾದು.

ನೀರು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬರುತ್ತದೆ. ಗಾಳಿಯ ತೇವ ಹೀರಿಕೊಂಡು ಎರಡೇ ದಿನದಲ್ಲಿ ಒಡೆಯುತ್ತದೆ ಅನ್ನುವುದು ಉತ್ಪ್ರೇಕ್ಷೆ. ಮುಚ್ಚಳ ಬಿಗಿ ಇದ್ದರೆ ಅಷ್ಟು ಬೇಗ ಆಗುವುದಿಲ್ಲ. ಆದರೆ ಅರ್ಧ ಖಾಲಿ ಟ್ಯಾಂಕು ಹಗಲು ಬಿಸಿಗೆ ಗಾಳಿ ಬಿಡುತ್ತದೆ, ರಾತ್ರಿ ತಂಪಿಗೆ ಒದ್ದೆ ಗಾಳಿ ಎಳೆದುಕೊಳ್ಳುತ್ತದೆ, ಒಳಗೋಡೆಯ ಮೇಲೆ ಇಬ್ಬನಿ ಕೂರುತ್ತದೆ. ದಿನಾ ಚೂರುಚೂರು. ಎರಡು ತಿಂಗಳಾದರೆ? ಇದರ ಜೊತೆ ಮಳೆಯಲ್ಲಿ ಕೆಲಸ ಮಾಡುವಾಗ ಒದ್ದೆ ಕೈಯಲ್ಲಿ ಮುಚ್ಚಳ ತೆಗೆದು ಹಾಕುವುದು, ಕ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಇಡುವುದು. ಮಲೆನಾಡಿನ ಮಳೆಗಾಲದಲ್ಲಿ ಈ ಮಿತಿ ದಾಟಿಸಲು ಯಾರೂ ಬೇಕಂತ ಏನೂ ಮಾಡಬೇಕಾಗಿಲ್ಲ.

ಪದರ ಒಡೆಯದಿದ್ದರೂ ನಿಂತ ಕಾರ್ಬುರೇಟರಿಗೆ ಸುಖವಿಲ್ಲ. ಬಟ್ಟಲಿನಲ್ಲಿ ಉಳಿದ ಒಂದಿಷ್ಟು ಪೆಟ್ರೋಲು ಆವಿಯಾಗಿ ಗೋಂದು ಉಳಿಯುತ್ತದೆ. ತೇವದ ಎಥೆನಾಲ್ ಅಲ್ಯೂಮಿನಿಯಂ, ಸತುವನ್ನು ತಿಂದು ಸುಣ್ಣದ ಪುಡಿಯಂಥದ್ದು ಮಾಡುತ್ತದೆ. ಕೂದಲೆಳೆಯಷ್ಟು ಸಣ್ಣ ಸ್ಲೋ ಜೆಟ್ಟು ಮುಚ್ಚಿಹೋಗಲು ಅಷ್ಟು ಸಾಕು.

ನಾನು ಮಾಡುತ್ತಿರುವುದು

ಕ್ಯಾನಿನಲ್ಲಿ ಎರಡು ಲೀಟರಿಗಿಂತ ಜಾಸ್ತಿ ಪೆಟ್ರೋಲು ಈಗ ತರುವುದಿಲ್ಲ. ಮಳೆಗಾಲದಲ್ಲಿ ಮೂರು ವಾರ ದಾಟಿದ ಪೆಟ್ರೋಲು ಸಣ್ಣ ಯಂತ್ರಕ್ಕೆ ಹಾಕುವುದಿಲ್ಲ. ಆಯಿಲ್ ಬೆರೆಸಿಲ್ಲದಿದ್ದರೆ ಅದನ್ನು ಓಮ್ನಿಯ ತುಂಬಿದ ಟ್ಯಾಂಕಿಗೆ ಸುರಿದುಬಿಡುತ್ತೇನೆ, ಅಲ್ಲಿ ಬೆರೆತು ಸುಟ್ಟುಹೋಗುತ್ತದೆ. ಆಯಿಲನ್ನು ಅಂದಂದಿಗೆ ಬೇಕಾದಷ್ಟಕ್ಕೆ ಮಾತ್ರ ಬೆರೆಸುವುದು. ಸಾಯಂಕಾಲ ಕೆಲಸ ಮುಗಿದು, ಇನ್ನು ಹದಿನೈದು ದಿನ ಈ ಮೆಷಿನ್ನು ಬೇಡ ಅಂತಿದ್ದರೆ ಟ್ಯಾಂಕು ಪೂರ್ತಿ ಬಗ್ಗಿಸಿ ಖಾಲಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವ ತನಕ ಬಿಡುತ್ತೇನೆ. ಕಾರ್ಬುರೇಟರು ಒಣಗುತ್ತದೆ. ಬೋರ್ಡೋ ಪಂಪಿನ ಇಂಜಿನ್ನಿಗೆ ಬಟ್ಟಲಿನ ಕೆಳಗೆ ಒಂದು ಸ್ಕ್ರೂ ಇದೆ, ಅದನ್ನು ಸಡಿಲಿಸಿ ಇಳಿಸಿಬಿಟ್ಟರೆ ಮುಗಿಯಿತು. ಮತ್ತೆ ಹೊರಡುವ ದಿನ, ಹಾಕಬೇಕಾದ ಪೆಟ್ರೋಲನ್ನು ಮೊದಲು ಗಾಜಿನ ಬಾಟಲಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತೇನೆ. ತಿಳಿಯಾಗಿದ್ದರೆ ಸೈ, ಮಬ್ಬಾಗಿದ್ದರೆ ಅಥವಾ ತಳದಲ್ಲಿ ಗೆರೆ ಕಂಡರೆ ಬೇಡ. ಈ ಬಾಟಲಿ ಪರೀಕ್ಷೆಗೆ ಖರ್ಚಿಲ್ಲ.

ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವವರಿಗೆ ಇದರ ತಿರುವುಮುರುವು. ಕಾರಿನ ಟ್ಯಾಂಕು ಇಳಿಸುವುದು ಸುಲಭವಲ್ಲ. ಹಾಗಾಗಿ ಬಾಯಿಮಟ್ಟ ತುಂಬಿಸಿ ನಿಲ್ಲಿಸಿ. ಗಾಳಿಗೆ ಜಾಗ ಇಲ್ಲದಿದ್ದರೆ ಇಬ್ಬನಿಗೂ ಜಾಗ ಇಲ್ಲ. ಹದಿನೈದು ದಿನಕ್ಕೊಮ್ಮೆ ಐದಾರು ಕಿ.ಮೀ. ಓಡಿಸಿ ಬನ್ನಿ. ನಮ್ಮ ಕಡೆ ಮಕ್ಕಳು ಬೆಂಗಳೂರಿನಲ್ಲಿದ್ದು, ಮನೆಯ ಮುಂದೆ ಮಾರುತಿ 800 ಟಾರ್ಪಾಲು ಹೊದ್ದು ನಿಂತಿರುವ ಮನೆಗಳು ಎಷ್ಟೋ ಇವೆ, ಅಂಥವರಿಗೆ ಈ ಮಾತು.

ಭಾರಿ ಮಳೆಯ ಮಾರನೇ ದಿನ, ಟ್ಯಾಂಕರಿನಿಂದ ಪೆಟ್ರೋಲು ಇಳಿಸುತ್ತಿರುವ ಹೊತ್ತಿನಲ್ಲಿ ಹಾಕಿಸಬೇಡಿ. ನೆಲದೊಳಗಿನ ಟ್ಯಾಂಕಿಗೆ ಮಳೆನೀರು ಇಳಿದಿದ್ದರೆ ಆಗ ತಳ ಕಲಕಿರುತ್ತದೆ.

ಸರ್ಕಾರದ ಮಾತು, ನಮ್ಮ ಜೋಳ

ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ಹೇಳಿಕೆಯಲ್ಲಿ, ಕೆಲವು ಹಳೆ ಗಾಡಿಗಳಲ್ಲಿ 20-30 ಸಾವಿರ ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರು ಭಾಗ, ಗ್ಯಾಸ್ಕೆಟ್ಟು ಬದಲಾಯಿಸಬೇಕಾಗಬಹುದು, ಅದು ಅಗ್ಗದ ಕೆಲಸ, ಸರ್ವೀಸಿನಲ್ಲೇ ಆಗುತ್ತದೆ ಅಂತಿತ್ತು. ಓಮ್ನಿಯ ಮಟ್ಟಿಗೆ ನಾನು ಒಪ್ಪುತ್ತೇನೆ, 2,850 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಈ ಲೆಕ್ಕವೆಲ್ಲಾ ಕಿಲೋಮೀಟರಿನಲ್ಲಿ ಇದೆ. ಕಳೆ ಮೆಷಿನ್ನಿಗೆ ಕಿಲೋಮೀಟರ್ ಎಲ್ಲಿದೆ? ಅದು ಕೆಟ್ಟದ್ದು ಓಡಿ ಅಲ್ಲ, ನಿಂತು. ಆ ಬಗ್ಗೆ ಹೇಳಿಕೆಯಲ್ಲಿ ಒಂದು ಸಾಲೂ ನನಗೆ ಕಾಣಲಿಲ್ಲ.

ಬೇರೆ ದೇಶಗಳಲ್ಲಿ ಹೇಗೆ ಅಂತ ನೋಡಿದರೆ, ಬ್ರೆಜಿಲ್ 1975ರಿಂದಲೇ ಈ ದಾರಿ ಹಿಡಿದು ಈಗ ಶೇ. 30 ಬೆರೆಸುತ್ತಿದೆ. ಅಲ್ಲಿಯ ಗಾಡಿಗಳನ್ನು ಅದಕ್ಕೆ ಅಂತಲೇ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಶೇ. 10 ತಂದಾಗ, ಹಳೆ ಗಾಡಿಯವರಿಗೆ ಅಂತ ಶೇ. 5ರ ಪೆಟ್ರೋಲನ್ನು ಬೆಲೆ ಸ್ವಲ್ಪ ಜಾಸ್ತಿಯಾದರೂ ಉಳಿಸಿಕೊಂಡರು. ಅಮೆರಿಕದಲ್ಲಿ ಶೇ. 15ರ ಪಂಪಿನ ಮೇಲೆ, ಇದನ್ನು ಬೈಕಿಗೆ, ಹುಲ್ಲು ಕತ್ತರಿಸುವ ಯಂತ್ರದಂಥ ಸಣ್ಣ ಇಂಜಿನ್ನಿಗೆ ಹಾಕಬಾರದು ಅಂತ ಚೀಟಿ ಅಂಟಿಸಿರಬೇಕು ಅನ್ನುವ ಕಾನೂನಿದೆ. ನಮ್ಮ ನೀತಿ ಆಯೋಗದ ವರದಿಯೂ ಹಳೆ ಗಾಡಿಗಳ ರಕ್ಷಣೆಗೆ ಶೇ. 10ರದ್ದು ಸಿಗುತ್ತಿರಬೇಕು ಅಂದಿತ್ತು. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗುವಂತೆ ಮಾಡಿ ಅಂತ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ತಾಲೂಕಿಗೆ ಒಂದು ಬಂಕಿನಲ್ಲಾದರೂ ಶೇ. 10ರ ಒಂದು ಪಂಪು ಇಟ್ಟರೆ, ಕ್ಯಾನು ಹಿಡಿದು ಹೋಗುವ ರೈತನಿಗೆ ಅಷ್ಟೇ ಸಾಕಿತ್ತು.

ಹಾಗಂತ ಎಥೆನಾಲೇ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಎರಡು ಎಕರೆ ಜೋಳ ಇದೆಯಲ್ಲ. ಒಂದು ಕ್ವಿಂಟಾಲ್ ಮೆಕ್ಕೆಜೋಳಕ್ಕೆ ಹೆಚ್ಚುಕಮ್ಮಿ 38 ಲೀಟರ್ ಎಥೆನಾಲ್ ಬರುತ್ತದೆ. ಜೋಳದ ಎಥೆನಾಲಿಗೆ ಲೀಟರಿಗೆ 71 ರೂ. 86 ಪೈಸೆ ನಿಗದಿ ಮಾಡಿದ ಮೇಲೆ ಡಿಸ್ಟಿಲರಿಗಳು ಜೋಳಕ್ಕೆ ಮುಗಿಬಿದ್ದವು, 2024ರಲ್ಲಿ ನಮಗೂ ನಾಲ್ಕು ಕಾಸು ಸಿಕ್ಕಿತು. ಅದೇ 2025ರ ನವೆಂಬರಿಗೆ ಬೆಂಬಲ ಬೆಲೆ 2,400 ರೂ. ಇದ್ದರೂ ಮಾರುಕಟ್ಟೆಯಲ್ಲಿ 2,000ಕ್ಕಿಂತ ಕೆಳಗೆ ಕೇಳಿದರು. ಹಾವೇರಿ, ಗದಗದ ಕಡೆ ರೈತರು ರಸ್ತೆಗಿಳಿದರು. ಜೋಳ ಕೊಡುವವನೂ ನಾನೇ, ಅದರಿಂದ ಮಾಡಿದ್ದನ್ನು ಕ್ಯಾನಿನಲ್ಲಿ ತಂದು ಬಾಟಲಿಯಲ್ಲಿ ಎತ್ತಿ ನೋಡುವವನೂ ನಾನೇ. ಎರಡು ಕಡೆಯೂ ಬೆಲೆ ಹೇಳುವವರು ಬೇರೆ.

ನನಗೆ ಇನ್ನೂ ಬಗೆಹರಿಯದ ಒಂದೆರಡು ವಿಷಯ ಇವೆ. ಪೆಟ್ರೋಲಿನಲ್ಲಿ ಶುರುಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದ ಹಳೆ ಪಂಪುಸೆಟ್ಟುಗಳನ್ನು, ಸೀಮೆಎಣ್ಣೆ ಸಿಗದೆ ಈಗ ಪೂರ್ತಿ ಪೆಟ್ರೋಲಿನಲ್ಲೇ ಓಡಿಸುವವರಿದ್ದಾರೆ. ಅದರ ಜೆಟ್ಟಿಗೆ ಏನು ಮಾಡಿದ್ದಾರೆ? ಕಳೆ ಮೆಷಿನ್ನಿನ ಡಯಾಫ್ರಮ್ ಕಾರ್ಬುರೇಟರಿಗೆ ಎಥೆನಾಲ್ ತಾಳುವ ಡಯಾಫ್ರಮ್ಮು ನಮ್ಮ ರಾಜ್ಯದಲ್ಲಿ ಎಲ್ಲಿ ಸಿಗುತ್ತದೆ, ಎಷ್ಟು ದಿನ ಬಾಳಿಕೆ ಬಂತು? ಹಾಸನದಲ್ಲಿ ನಾನು ಕೇಳಿದ ಮೂರು ಅಂಗಡಿಯಲ್ಲೂ 'ಎಲ್ಲಾ ಒಂದೇ ಸಾರ್, ಹಾಕ್ಕೊಂಡು ಹೋಗಿ' ಅಂದರು. ಗೊತ್ತಿದ್ದವರು ಅಳತೆ, ಖರ್ಚು ಸಮೇತ ಪತ್ರಿಕೆಗೆ ಬರೆಯಿರಿ. ಈ ಸಲ ಜೂನಿನ ಕಳೆಗೆ ಮುಂಚೆ ಗೊತ್ತಾದರೆ ಅನುಕೂಲ.